ಮಂದದೃಷ್ಟಿಯ ಜ್ಯೋತಿರ್ವಿಜ್ಞಾನಿ ಯೊಹಾನೆಸ್ ಕೆಪ್ಲರ್

ಗ್ರಹಗಳ ಚಲನನಿಯಮಗಳನ್ನು ಕಂಡುಹಿಡಿದವನೆಂದು ಲೋಕವಿಖ್ಯಾತನಾದ ಯೊಹಾನೆಸ್ ಕೆಪ್ಲರನು ಆಕಾಶವನ್ನು ಸರಿಯಾಗಿ ನೋಡಲಾರದವನಾಗಿದ್ದನೆಂಬುದು ಹಲವರಿಗೆ ತಿಳಿಯದ ಸಂಗತಿ. 1571ರ ಡಿಸೆಂಬರ್ 27ರಂದು ಜರ್ಮನಿಯ ವೈಲ್ ಡೆರ್ ಸ್ಟಾಟ್ ಎಂಬ ಪುಟ್ಟ ಪಟ್ಟಣದಲ್ಲಿ ಜನಿಸಿದ ಈತನು ಎಳವೆಯಲ್ಲಿಯೇ ಸಿಡುಬಿಗೆ ತುತ್ತಾದನು. ಪ್ರಾಣವೇನೋ ಉಳಿಯಿತು, ಕೈಬೆರಳುಗಳು ಊನಗೊಂಡವು, ದೃಷ್ಟಿ ಮಂದವಾಯಿತು. ದೂರದ ವಸ್ತುಗಳು ಮಸುಕಾಗಿ ತೋರುತ್ತಿದ್ದುದಲ್ಲದೆ, ಒಬ್ಬನೇ ಚಂದ್ರನು ಹಲವಾಗಿಯೂ ಕಾಣುತ್ತಿದ್ದನು. ತಂದೆ ಕೂಲಿಸೈನಿಕನಾಗಿ ಮನೆಯನ್ನು ತೊರೆದುಹೋದನು.

ಇಂತಹ ಬಾಲಕನಿಗೆ ಆಸರೆಯಾದದ್ದು ವ್ಯುರ್ಟೆಂಬೆರ್ಗ್ ಸಂಸ್ಥಾನದ ವಿದ್ಯಾರ್ಥಿವೇತನ. ಆ ಸಂಸ್ಥಾನವು ಹಳೆಯ ಮಠಗಳಲ್ಲಿ ಶಾಲೆಗಳನ್ನು ತೆರೆದು ಬಡ ಪ್ರತಿಭಾವಂತರಿಗೆ ಅನ್ನ, ವಸತಿ, ವಿದ್ಯೆಗಳನ್ನು ಒದಗಿಸುತ್ತಿತ್ತು. ಆಡೆಲ್ಬೆರ್ಗ್ ಮತ್ತು ಮೌಲ್‌ಬ್ರಾನ್ ಮಠಗಳ ಶಾಲೆಗಳಲ್ಲಿ ಓದಿ, 1589ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದ ಕೆಪ್ಲರನು ಧರ್ಮಬೋಧಕನಾಗಬಯಸಿದ್ದನು. ಆದರೆ 1594ರಲ್ಲಿ ಗ್ರಾಟ್ಸ್ ನಗರದ ಶಾಲೆಯೊಂದರ ಗಣಿತೋಪಾಧ್ಯಾಯನಾಗಬೇಕಾಯಿತು.

1600ರ ಜುಲೈ ತಿಂಗಳಲ್ಲಿ ಆ ಊರಿನ ಪೇಟೆಬೀದಿಯಲ್ಲಿ ಸೂಕ್ಷ್ಮರಂಧ್ರದ ಮೂಲಕ ಸೂರ್ಯಗ್ರಹಣದ ಬಿಂಬವನ್ನು ಅಳೆದಾಗ ಚಂದ್ರಬಿಂಬವು ವಾಸ್ತವಕ್ಕಿಂತ ಕಿರಿದಾಗಿ ತೋರಿತು. ಬೆಳಕು ರಂಧ್ರದಲ್ಲಿ ಹೇಗೆ ಸಾಗುತ್ತದೆ? ಕೆಪ್ಲರನು ಪುಸ್ತಕವೊಂದನ್ನು ಎತ್ತರದಲ್ಲಿಟ್ಟು, ಅದರ ಅಂಚುಗಳಿಂದ ದಾರಗಳನ್ನು ರಂಧ್ರದ ಮೂಲಕ ಹಾಯಿಸಿ, ನೆಲದ ಮೇಲೆ ಗುರುತು ಮಾಡಿ ನೋಡಿದನು. ಬರಿಯ ದಾರದಿಂದ ಬೆಳಕಿನ ಪಥವನ್ನು ಅರಿತ ಈ ಉಪಾಯವು ಉಪಾಧ್ಯಾಯನಿಗೇ ಹೊಳೆಯತಕ್ಕದ್ದು. ಅದೇ ವರ್ಷ ಮತಾಂತರಕ್ಕೆ ಒಪ್ಪದೆ ಗ್ರಾಟ್ಸ್‌ನಿಂದ ಗಡೀಪಾರಾಗಿ ಪ್ರಾಗ್ ನಗರವನ್ನು ಸೇರಿದನು. ಅಲ್ಲಿ ಟೈಕೋ ಬ್ರಾಹೆಯ ನಿಖರವಾದ ವೀಕ್ಷಣೆಗಳೇ ಈತನಿಗೆ ಕಣ್ಣಾದವು.

ಇಟಲಿಯಲ್ಲಿ ಕನ್ನಡಕವು ಹದಿಮೂರನೆಯ ಶತಮಾನದ ಕೊನೆಯಲ್ಲಿಯೇ ಬಳಕೆಗೆ ಬಂದಿತ್ತು. ಆದರೂ ಚಾಳೀಸು ಹಾಕಿಕೊಂಡವರಿಗೆ ಅಕ್ಷರ ಏಕೆ ಸ್ಪಷ್ಟವಾಗುತ್ತದೆಂಬುದಕ್ಕೆ ಸಮರ್ಪಕವಾದ ವಿವರಣೆಯಿರಲಿಲ್ಲ; ಕಣ್ಣಿನ ಮಸೂರವೇ ನೋಡುವ ಅಂಗವೆಂಬ ಪ್ರಾಚೀನರ ಅಭಿಪ್ರಾಯವೇ ಪ್ರಬಲವಾಗಿತ್ತು. ಅಂಗರಚನಾಶಾಸ್ತ್ರಜ್ಞ ಫೆಲಿಕ್ಸ್ ಪ್ಲಾಟರನ ವಿಚಾರವನ್ನು ಆಧರಿಸಿ ಕೆಪ್ಲರನು 1604ರಲ್ಲಿ ಪ್ರಕಟಿಸಿದ ದ್ಯುತಿಶಾಸ್ತ್ರ ಗ್ರಂಥದಲ್ಲಿ, ಮಸೂರವು ಕಿರಣಗಳನ್ನು ಬಾಗಿಸುವುದೇ ಹೊರತು ನೋಡುವುದಿಲ್ಲವೆಂದೂ, ಹೊರಗಿನ ದೃಶ್ಯವು ತಲೆಕೆಳಗಾಗಿ ಅಕ್ಷಿಪಟಲದ ಮೇಲೆ ಮೂಡುವುದೆಂದೂ ಸಾಧಿಸಿದನು. ಸಮೀಪದೃಷ್ಟಿಯವರಲ್ಲಿ ದೂರದ ಕಿರಣಗಳು ಪಟಲವನ್ನು ಮುಟ್ಟುವ ಮುನ್ನವೇ ಕೂಡಿ ಚೆದರುತ್ತವೆ. ನಿಮ್ನ ಮಸೂರವು ಆ ಕೂಟವನ್ನು ಹಿಂದಕ್ಕೊಯ್ಯುತ್ತದೆ. ವಯಸ್ಸಾದವರು ಓದುವಾಗ ಕಿರಣಗಳು ಪಟಲದ ಆಚೆಗೆ ಕೂಡುವಂತಿರುತ್ತವೆ. ಪೀನ ಮಸೂರವು ಅವನ್ನು ಮುಂದಕ್ಕೆ ತರುತ್ತದೆ. ಬಿಂಬವು ತಲೆಕೆಳಗಾಗಿದ್ದರೂ ಲೋಕವು ನೆಟ್ಟಗೆ ಕಾಣುವುದೇಕೆಂಬ ಪ್ರಶ್ನೆಯನ್ನು ಮಾತ್ರ ತತ್ತ್ವಜ್ಞಾನಿಗಳಿಗೆ ಬಿಟ್ಟನು. ಹತ್ತಿರದ್ದನ್ನೂ ದೂರದ್ದನ್ನೂ ನೋಡಲು ಕಣ್ಣಿನೊಳಗೆ ಸ್ಥಳಾಂತರ ನಡೆಯುವುದೆಂಬ ಈತನ ಊಹೆ ನಿಲ್ಲಲಿಲ್ಲ. ಮಸೂರದ ಆಕಾರವೇ ಬದಲಾಗುವುದೆಂದು ಥಾಮಸ್ ಯಂಗನು 1801ರಲ್ಲಿ ತೋರಿಸಿದನು. ಇಂದಿನ ಸ್ಪರ್ಶಮಸೂರವಾಗಲಿ, ಕಣ್ಣಿನ ಮುಂಪೊರೆಯ ಬಾಗನ್ನು ತಿದ್ದುವ ಲೇಸರ್ ಚಿಕಿತ್ಸೆಯಾಗಲಿ ಮಾಡುವುದೂ ಕಿರಣಗಳ ಕೂಟವನ್ನು ಅಕ್ಷಿಪಟಲದ ಮೇಲೆ ನೆಲೆಗೊಳಿಸುವ ಕೆಲಸವನ್ನೇ.

ಮುಂದಿನ ಬಾಳು ಸುಖದ್ದಲ್ಲ. ವೃದ್ಧ ತಾಯಿಯ ಮೇಲೆ ಮಾಟಗಾತಿಯೆಂಬ ಆರೋಪ ಬಂದಾಗ ಕೆಪ್ಲರನು ತಾನೇ ನಿಂತು ವಾದವನ್ನು ಸಿದ್ಧಪಡಿಸಿ, 1621ರಲ್ಲಿ ಆಕೆಯನ್ನು ಸೆರೆಯಿಂದ ಬಿಡಿಸಿದನು. ಮರುವರ್ಷವೇ ಆಕೆ ತೀರಿಕೊಂಡಳು. ತನಗೆ ಸಲ್ಲಬೇಕಾಗಿದ್ದ ಬಾಕಿ ಹಣಕ್ಕಾಗಿ ರೇಗೆನ್ಸ್‌ಬುರ್ಗ್‌ಗೆ ಹೋದವನು ಅಲ್ಲಿಯೇ ಜ್ವರಪೀಡಿತನಾಗಿ 1630ರ ನವೆಂಬರ್ 15ರಂದು ಕಾಲವಶನಾದನು. ಮೂವತ್ತು ವರ್ಷಗಳ ಯುದ್ಧದಲ್ಲಿ ಆ ಶ್ಮಶಾನವೂ ನಾಶವಾಗಿ, ಸಮಾಧಿಯ ಗುರುತೂ ಉಳಿಯಲಿಲ್ಲ.