ಸಾಂಗಲಿಯ ವಿಜಯ ಹಜಾರೆಯವರು

ಗದುಗಿನ ಹುಡುಗರಿಗೆ ಕ್ರಿಕೆಟ್ಟೆಂದೊಡನೆ ತಮ್ಮೂರಿನ ಸುನೀಲ ಜೋಶಿಯವರ ನೆನಪಾಗುವುದು ಸಹಜವಾದುದು. ಅವರಿಗಿಂತ ಎರಡು ತಲೆಮಾರು ಹಿಂದಿನ ಒಬ್ಬ ಆಟಗಾರರ ಚರಿತ್ರೆಯನ್ನು ನಾವಿಲ್ಲಿ ಹೇಳಬಯಸುತ್ತೇವೆ. ಅವರು ಈ ಸೀಮೆಗೆ ತೀರ ಪರಕೀಯರಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಲಕ್ಷ್ಮೇಶ್ವರವು ಹಿರಿಯ ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವೆಂಬುದು ಹಿರಿಯರಾದ ಪಾಲಕರಿಗೆ ತಿಳಿದ ಸಂಗತಿಯೇ. ಆ ಸಾಂಗಲಿ ಪಟ್ಟಣದಲ್ಲಿ ೧೯೧೫ನೆಯ ಇಸವಿ ಮಾರ್ಚ್ ೧೧ರಂದು ವಿಜಯ ಸ್ಯಾಮ್ಯುಅಲ್ ಹಜಾರೆಯವರು ಒಂದು ಕ್ರೈಸ್ತ ಕುಟುಂಬದಲ್ಲಿ ಜನಿಸಿದರು. ತಂದೆಯವರು ಶಾಲಾ ಶಿಕ್ಷಕರು. ಮನೆಯಲ್ಲಿ ಎಂಟು ಮಂದಿ ಮಕ್ಕಳು. ಅಂದಿನ ಶಿಕ್ಷಕರ ಸಂಬಳದಲ್ಲಿ ಅಂಥ ಸಂಸಾರವು ಹೇಗೆ ಸಾಗಿರಬೇಕೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಹಜಾರೆಯವರು ಬ್ಯಾಟು ಹಿಡಿದು ನಿಲ್ಲುವ ರೀತಿಯು ನೋಡುವವರಿಗೆ ಅಂದವಾಗಿ ಕಾಣುತ್ತಿರಲಿಲ್ಲ. ಆಸ್ಟ್ರೇಲಿಯದ ಖ್ಯಾತ ಬೌಲರರಾದ ಕ್ಲಾರಿ ಗ್ರಿಮೆಟ್ಟರು ಅವರಿಗೆ ಪಾಠ ಹೇಳಲು ದೊರೆತರು. ಆ ಗುರುಗಳು ಶಿಷ್ಯನ ನಿಲುವನ್ನು ತಿದ್ದಹೋಗದೆ ಇದ್ದುದನ್ನು ಇದ್ದಂತೆಯೇ ಬಿಟ್ಟರು. ಎಲ್ಲ ಮಕ್ಕಳನ್ನೂ ಒಂದೇ ಅಚ್ಚಿನಲ್ಲಿ ಎರೆಯಲು ಹವಣಿಸುವ ನಮ್ಮಂಥವರಿಗೆ ಇದು ಸೋಜಿಗವೆನಿಸುವುದು. ೧೯೪೦ರ ಆರಂಭದಲ್ಲಿ ಮಹಾರಾಷ್ಟ್ರದ ಪರವಾಗಿ ಬಡೋದೆಯ ವಿರುದ್ಧ ಅವರು ಔಟಾಗದೆ ೩೧೬ ಓಟಗಳನ್ನು ಪಡೆದರು. ರಣಜಿ ಪಂದ್ಯಗಳಲ್ಲಿ ಮುನ್ನೂರನ್ನು ದಾಟಿದವರಲ್ಲಿ ಅವರೇ ಮೊದಲಿಗರು.

ಆ ಕಾಲದಲ್ಲಿ ಮುಂಬಯಿಯ ದೊಡ್ಡ ಪಂದ್ಯಗಳು ಜಾತಿಮತಗಳ ಮೇಲೆ ನಡೆಯುತ್ತಿದ್ದವು. ಯುರೋಪಿಯನ್, ಪಾರ್ಸಿ, ಹಿಂದೂ, ಮುಸಲ್ಮಾನ ತಂಡಗಳಿಗೆ ೧೯೩೭ರಲ್ಲಿ ಐದನೆಯದೊಂದು ಸೇರಿತು. ಹಿಂದೀ ಕ್ರೈಸ್ತರು ಮೊದಲಾಗಿ ಬೇರೆಲ್ಲಿಯೂ ಸೇರದವರೆಲ್ಲರ ಆ ತಂಡಕ್ಕೆ ‘ಉಳಿದವರು’ ಎಂಬುದೇ ಹೆಸರು! ಹಜಾರೆಯವರು ಆಡಿದುದು ಈ ಉಳಿದವರ ಪರವಾಗಿ. ೧೯೪೩ರ ಡಿಸೆಂಬರಿನಲ್ಲಿ ಮುಸಲ್ಮಾನರ ಮೇಲೆ ೨೪೮ ಓಟಗಳನ್ನು ಪಡೆದು ಅವರು ತಮ್ಮ ತಂಡವನ್ನು ಅಂತಿಮ ಪಂದ್ಯಕ್ಕೆ ಮುಟ್ಟಿಸಿದರು. ಅಲ್ಲಿ ಹಿಂದೂ ತಂಡದ ವಿಜಯ ಮರ್ಚಂಟರು ಔಟಾಗದೆ ೨೫೦ ಪಡೆದು ಆ ಸಂಖ್ಯೆಯನ್ನು ಎರಡೇ ಓಟಗಳಿಂದ ಮೀರಿಸಿದರು. ಅವರ ತಂಡದ ಮೊತ್ತವು ೫೮೧ಕ್ಕೇರಿತು. ಉಳಿದವರು ೧೩೩ಕ್ಕೆ ಕುಸಿದರು. ಬಹಳ ಹಿಂದೆ ಬಿದ್ದ ತಂಡವು ಒಡನೆಯೇ ಮತ್ತೊಮ್ಮೆ ಆಡಬೇಕೆಂಬ ನಿಯಮದಂತೆ ಅವರು ಪುನಃ ಕಣಕ್ಕಿಳಿಯಬೇಕಾಯಿತು.

ಆ ಎರಡನೆಯ ಸರದಿಯಲ್ಲಿ ತಂಡದ ಒಟ್ಟು ೩೮೭ ಓಟಗಳಲ್ಲಿ ೩೦೯ ಹಜಾರೆಯವರೊಬ್ಬರವೇ ಆಗಿದ್ದವು. ಅವರ ತಮ್ಮ ವಿವೇಕ ಹಜಾರೆಯವರು ಇನ್ನೊಂದು ತುದಿಯಲ್ಲಿ ನಿಂತರು. ಅಣ್ಣತಮ್ಮಂದಿರ ಜೊತೆಯಾಟವು ೩೦೦ ಓಟಗಳದು, ಅದರಲ್ಲಿ ತಮ್ಮನ ಪಾಲು ೨೧. ಆ ೨೧ನ್ನು ಅಲ್ಪವೆಂದು ಎಣಿಸಲು ನಮ್ಮ ಮನಸ್ಸು ಒಪ್ಪದು. ಅದಿಲ್ಲದೆ ಆ ೩೦೯ ಎಲ್ಲಿಂದ ಬರಬೇಕು? ಇಷ್ಟಾದರೂ ಪಂದ್ಯವು ಕೈಬಿಟ್ಟಿತು. ಹಿಂದೂ ತಂಡವು ಒಂದು ಸರದಿ ಮತ್ತು ೬೧ ಓಟಗಳಿಂದ ಗೆದ್ದಿತು. ಮತವಾರು ಪಂದ್ಯಗಳು ೧೯೪೬ರಲ್ಲಿ ನಿಂತುಹೋದುದು ದೇಶಕ್ಕೆ ಒಳ್ಳೆಯದೇ ಆಯಿತು.

ಬಳಿಕ ಬಡೋದೆಯೇ ಅವರ ಊರಾಯಿತು. ೧೯೪೭ರ ಮಾರ್ಚಿನಲ್ಲಿ ಅಲ್ಲಿ ರಣಜಿ ಅಂತಿಮ ಪಂದ್ಯವು ನಡೆದಾಗ ಹೋಳ್ಕರ ತಂಡದ ವಿರುದ್ಧ ಹಜಾರೆಯವರು ೨೮೮, ಗುಲ್ ಮಹಮ್ಮದರು ೩೧೯ ಓಟಗಳನ್ನು ಪಡೆದರು. ನಾಲ್ಕನೆಯ ವಿಕೆಟ್ಟಿಗೆ ೫೭೭ ಓಟಗಳ ಅವರ ಜೊತೆಯಾಟವನ್ನು ಮೀರಿಸಲು ಜಗತ್ತಿನ ಯಾವ ಜೋಡಿಗೂ ೨೦೦೬ರವರೆಗೆ ಸಾಧ್ಯವಾಗಲಿಲ್ಲ. ಕೆಲವೇ ತಿಂಗಳಲ್ಲಿ ದೇಶವು ಇಬ್ಭಾಗವಾಯಿತು. ಗುಲ್ ಮಹಮ್ಮದರು ೧೯೫೬ರಲ್ಲಿ ಪಾಕಿಸ್ತಾನದ ಪರವಾಗಿ ಆಡಿದರು.

೧೯೪೮ರ ಜಾನೇವಾರಿಯಲ್ಲಿ ಹಜಾರೆಯವರು ಆಸ್ಟ್ರೇಲಿಯದ ಅಡಿಲೇಡಿನಲ್ಲಿದ್ದರು. ಎದುರಾಳಿಗಳ ಮೊತ್ತ ೬೭೪. ೨೦೧ ಓಟಗಳನ್ನು ಪಡೆದ ಬ್ರಾಡ್ಮನ್ನರನ್ನು ಕೊನೆಗೆ ಬೌಲ್ಡ್ ಮಾಡಿದವರೂ ಹಜಾರೆಯವರೇ. ಬ್ಯಾಟು ಹಿಡಿದಾಗ ಮೊದಲ ಸರದಿಯಲ್ಲಿ ಅವರು ೧೧೬ ಪಡೆದರು. ಎರಡನೆಯದರಲ್ಲಿ ಒಂದು ಓಟವೂ ಬಾರದ ಮುಂಚೆ ಭಾರತದ ಎರಡು ವಿಕೆಟ್ಟುಗಳು ಲಿಂಡ್ವಾಲರ ವೇಗಕ್ಕೆ ಉರುಳಿದವು. ಅಂಥ ಹೊತ್ತಿನಲ್ಲಿ ೧೪೫. ಒಂದೇ ಟೆಸ್ಟಿನ ಎರಡೂ ಸರದಿಗಳಲ್ಲಿ ಶತಕ ಪಡೆದ ಮೊದಲನೆಯ ಭಾರತೀಯರು ಅವರಾದರು. ಭಾರತವಾದರೋ ಒಂದು ಸರದಿ ಮತ್ತು ೧೬ ಓಟಗಳಿಂದ ಸೋತಿತು. ಮರುವರ್ಷ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ವೆಸ್ಟ್ ಇಂಡೀಸಿನವರನ್ನು ಗೆಲ್ಲಲು ೩೬೧ ಓಟಗಳು ಬೇಕಿದ್ದವು. ಹಜಾರೆಯವರು ೧೨೨ ಪಡೆದರು. ಗೆಲುವಿಗೆ ಆರೇ ಓಟಗಳು ಉಳಿದಿರಲು ಆಟ ಮುಗಿಯಿತು. ಗಡಿಯಾರದಲ್ಲಿ ಇನ್ನೂ ತುಸು ವೇಳೆ ಇರುವಾಗಲೇ ಅಂಪಾಯರರು ಆಟ ನಿಲ್ಲಿಸಿದರೆಂಬುದು ಪ್ರಸಿದ್ಧವಾದ ಮಾತು.

ತಂಡವು ಸೋತ ದಿನದ ಶತಕಕ್ಕೆ ಬೆಲೆಯೇನೆಂದು ಕೇಳುವವರುಂಟು. ನಮ್ಮ ಅಭಿಪ್ರಾಯವು ಬೇರೆ. ಗೆಲ್ಲುವ ತಂಡದಲ್ಲಿ ಆಡುವವನಿಗೆ ಹತ್ತು ಕೈಗಳ ಆಸರೆಯಿರುವುದು. ಹಜಾರೆಯವರಿಗೆ ಅನೇಕ ಸಲ ಅದು ದೊರೆಯಲಿಲ್ಲ. ೧೯೫೨ರಲ್ಲಿ ಇಂಗ್ಲಂಡದ ಲೀಡ್ಸಿನಲ್ಲಿ ಓಟವಿಲ್ಲದೆಯೇ ನಾಲ್ಕು ವಿಕೆಟ್ಟುಗಳು ಬಿದ್ದ ಮೇಲೆ ನಿಂತು ೫೬ ಓಟಗಳನ್ನು ಪಡೆದವರೂ ಅವರೇ.

ಆದರೆ ಗೆಲುವು ಅವರ ಪಾಲಿಗೆ ಬಾರದೆ ಹೋಗಲಿಲ್ಲ. ಅದೇ ೧೯೫೨ರ ಫೆಬ್ರುವರಿಯಲ್ಲಿ ಮದ್ರಾಸಿನಲ್ಲಿ ಅವರ ನಾಯಕತ್ವದಲ್ಲಿ ಭಾರತವು ಇಂಗ್ಲಂಡವನ್ನು ಒಂದು ಸರದಿ ಮತ್ತು ೮ ಓಟಗಳಿಂದ ಸೋಲಿಸಿತು. ಇಪ್ಪತ್ತೈದು ಟೆಸ್ಟುಗಳಲ್ಲಿ ನಮ್ಮ ದೇಶಕ್ಕೆ ಅದೇ ಮೊದಲನೆಯ ಜಯ. ಅಂದು ಹನ್ನೆರಡು ವಿಕೆಟ್ಟುಗಳನ್ನು ಕಿತ್ತ ವಿನೂ ಮಂಕಡರು, ಶತಕ ಪಡೆದ ಪಂಕಜ ರಾಯ್ ಮತ್ತು ಪಾರ್ಸಿಯವರಾದ ಪಾಲಿ ಉಮ್ರಿಗರ ಇವರೆಲ್ಲರೂ ಒಂದೇ ತಂಡದವರು. ಮುಂದಾಳು ‘ಉಳಿದವರ’ ಪೈಕಿಯವರು.

೧೯೫೩ರಲ್ಲಿ ಅವರ ಟೆಸ್ಟ್ ಆಟವು ಮುಗಿಯಿತು: ೩೦ ಪಂದ್ಯ, ೭ ಶತಕ, ೨,೧೯೨ ಓಟ. ೧೯೬೦ರಲ್ಲಿ ಪದ್ಮಶ್ರೀ ಬಂದಿತು. ೨೦೦೪ರ ಡಿಸೆಂಬರ್ ೧೮ರಂದು ೮೯ನೆಯ ವಯಸ್ಸಿನಲ್ಲಿ ಬಡೋದೆಯಲ್ಲಿಯೇ ಅವರು ದೈವಾಧೀನರಾದರು. ಒಂದು ದಿನದ ರಾಷ್ಟ್ರೀಯ ಪಂದ್ಯಾವಳಿಯ ಪಾರಿತೋಷಕಕ್ಕೆ ಅವರ ಹೆಸರನ್ನಿಡಲಾಗಿದೆ. ೨೦೧೩-೧೪ರಿಂದ ೨೦೨೪-೨೫ರವರೆಗೆ ಅದನ್ನು ಕರ್ನಾಟಕದ ತಂಡವು ೫ ಸಲ ಗೆದ್ದು ತಂದಿದೆ.