ರಾಜರ್ಷಿ ಶಾಹೂ ಮಹಾರಾಜರು: ಆಜ್ಞೆ ಮತ್ತು ಅದರ ಬಾಳಿಕೆ

ಕರವೀರ ಸಂಸ್ಥಾನದ ಛತ್ರಪತಿ ಶಾಹೂ ಮಹಾರಾಜರು 1894ರ ಏಪ್ರಿಲ್ 2ರಂದು ರಾಜ್ಯಾಧಿಕಾರವನ್ನು ವಹಿಸಿಕೊಂಡಾಗ ಅವರಿಗೆ ಇಪ್ಪತ್ತು ವರ್ಷ ತುಂಬಿರಲಿಲ್ಲ. ಅವರ ಆಜ್ಞೆಯನ್ನು ತಡೆಯಬಲ್ಲ ಶಾಸನಸಭೆ ಇರಲಿಲ್ಲ. ಗೆಲ್ಲಬೇಕಾದ ಚುನಾವಣೆಯೂ ಇರಲಿಲ್ಲ. ಬ್ರಿಟಿಷರ ಮೇಲ್ವಿಚಾರಣೆಯೊಂದನ್ನು ಬಿಟ್ಟರೆ, ಇಂದು ಭಾರಿ ಬಹುಮತ ಪಡೆದ ಸರಕಾರಕ್ಕೆ ಇರುವುದಕ್ಕಿಂತ ಹೆಚ್ಚಿನ ಅಧಿಕಾರ ಅವರ ಕೈಯಲ್ಲಿತ್ತು. ಅಷ್ಟು ಅಧಿಕಾರದಿಂದ ಎಂತಹ ಸುಧಾರಣೆ ಸಾಧ್ಯ, ಆಳಿದವನು ಹೋದ ಮೇಲೆ ಅದರಲ್ಲಿ ಉಳಿಯುವುದೆಷ್ಟು ಎಂಬ ಪ್ರಶ್ನೆಗೆ ಅವರ ಬಾಳೇ ಒಂದು ಉತ್ತರವಾಗಿದೆ.

ಶಾಹೂ ಅವರು 1874ರ ಜೂನ್ 26ರಂದು ಕಾಗಲದ ಘಾಟಗೆ ಮನೆತನದಲ್ಲಿ ಜನಿಸಿದರು. ಯಶವಂತರಾವ್ ಎಂಬುದು ಅವರ ಮೊದಲ ಹೆಸರು. ತಂದೆ ಜಯಸಿಂಗರಾವ್, ತಾಯಿ ರಾಧಾಬಾಯಿ ಮುಧೋಳದ ಅರಸುಮನೆತನದ ಮಗಳು. ತಾಯಿ ಬೇಗನೆ ತೀರಿಕೊಂಡರು. 1884ರಲ್ಲಿ ಕೊಲ್ಹಾಪುರದ ರಾಣಿ ಆನಂದಿಬಾಯಿಯವರು ಬಾಲಕನನ್ನು ದತ್ತಕ ಪಡೆದರು. ರಾಜಕೋಟದಲ್ಲಿ ಕೆಲಕಾಲ ಓದಿದ ಬಳಿಕ ಅವರ ಶಿಕ್ಷಣ ಧಾರವಾಡದಲ್ಲಿ ಫ್ರೇಜರ್ ಎಂಬ ಅಧಿಕಾರಿಯ ಮಾರ್ಗದರ್ಶನದಲ್ಲಿ ಮುಂದುವರಿಯಿತು. ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಇದೇ ಫ್ರೇಜರ್ ಶಿಕ್ಷಕರಾದರು.

ಅಧಿಕಾರಕ್ಕೆ ಬಂದಾಗ ಸಂಸ್ಥಾನದ ಆಡಳಿತದ 71 ಉನ್ನತ ಹುದ್ದೆಗಳಲ್ಲಿ 60 ಬ್ರಾಹ್ಮಣರ ಕೈಯಲ್ಲಿದ್ದವು. 500ರಷ್ಟು ಗುಮಾಸ್ತ ಹುದ್ದೆಗಳಲ್ಲಿ ಹತ್ತು ಮಾತ್ರ ಇತರರಿಗೆ ಸಂದಿದ್ದವು. ಉಳುವವರ, ನೇಯುವವರ, ಊರ ಹೊರಗೆ ಬಾಳುವವರ ರಾಜ್ಯವನ್ನು ಒಂದೇ ವರ್ಗ ನಡೆಸುತ್ತಿತ್ತು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕದ ನಿಮಿತ್ತ ಮಹಾರಾಜರು ಇಂಗ್ಲೆಂಡಿನಲ್ಲಿದ್ದಾಗಲೇ, ಜುಲೈ 26ರಂದು, ಖಾಲಿಯಾಗುವ ಹುದ್ದೆಗಳಲ್ಲಿ ಶೇಕಡಾ 50 ಹಿಂದುಳಿದವರಿಗೆ ಸಲ್ಲಬೇಕೆಂಬ ಆದೇಶ ಪ್ರಕಟವಾಯಿತು. ಆ ಪ್ರಮಾಣ ಇನ್ನೂ ಮುಟ್ಟದ ಕಚೇರಿಯಲ್ಲಿ ಮುಂದಿನ ನೇಮಕಾತಿ ಹಿಂದುಳಿದವರದೇ ಆಗಬೇಕು. ಪ್ರತಿಯೊಬ್ಬ ಇಲಾಖಾ ಮುಖ್ಯಸ್ಥನೂ ಮೂರು ತಿಂಗಳಿಗೊಮ್ಮೆ ನೇಮಕಾತಿಗಳ ವರದಿ ಒಪ್ಪಿಸಬೇಕು. ಆದೇಶದ ಬಲವೆಲ್ಲ ಈ ವರದಿಯಲ್ಲಿತ್ತು. 1912ರ ಹೊತ್ತಿಗೆ 95 ಉನ್ನತ ಹುದ್ದೆಗಳಲ್ಲಿ ಬ್ರಾಹ್ಮಣರ ಪಾಲು 35ಕ್ಕೆ ಇಳಿದಿತ್ತು.

ಆದರೆ ಹುದ್ದೆ ಕಾದಿರಿಸಿದರೆ ಸಾಲದು, ಅದಕ್ಕೆ ಓದಿದವರು ಬೇಕು. ಹಳ್ಳಿಯ ಹುಡುಗನಿಗೆ ಕೊಲ್ಹಾಪುರದಲ್ಲಿ ಉಣ್ಣಲು, ಮಲಗಲು ಎಡೆಯಿರಲಿಲ್ಲ. ಮಹಾರಾಜರು ಇದನ್ನು ಆದೇಶಕ್ಕೂ ಮೊದಲೇ ಮನಗಂಡಿದ್ದರು. 1901ರಲ್ಲಿ ಮರಾಠಾ ಮತ್ತು ಜೈನ ಬೋರ್ಡಿಂಗುಗಳು ಆರಂಭವಾದವು. ಮುಂದೆ ಮುಸ್ಲಿಮರಿಗೆ, ವೀರಶೈವ ಲಿಂಗಾಯತರಿಗೆ, ಅಸ್ಪೃಶ್ಯರೆನಿಸಿದವರಿಗೆ ಬೋರ್ಡಿಂಗುಗಳು ಬಂದವು. ಜಾಗ, ಧನಸಹಾಯ ಸಂಸ್ಥಾನದ್ದು. ನಡೆಸುವ ಹೊಣೆ ಬಹುಮಟ್ಟಿಗೆ ಆಯಾ ಸಮಾಜದ್ದು. ಕೃಷ್ಣೆಯ ದಂಡೆಯ ಶಿರೋಳ ಭಾಗದಲ್ಲಿ ಮನೆಯಲ್ಲಿ ಕನ್ನಡವಾಡುವ ಜೈನ, ಲಿಂಗಾಯತ ಕುಟುಂಬಗಳು ಅನೇಕವಿದ್ದವು. ಅಂಥ ಮನೆಗಳ ಮಕ್ಕಳಿಗೂ ಪಟ್ಟಣದ ವಿದ್ಯೆಯ ಬಾಗಿಲು ತೆರೆಯಿತು.

ಕಡೆಯ ವರ್ಷಗಳಲ್ಲಿ ಸುಧಾರಣೆಯ ವೇಗ ಹೆಚ್ಚಿತು. 1917ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಯಿತು. ಮಕ್ಕಳನ್ನು ಶಾಲೆಗೆ ಕಳಿಸದ ಪಾಲಕರಿಗೆ ತಿಂಗಳಿಗೆ 1 ರೂಪಾಯಿ ದಂಡ. ವಿಧವಾವಿವಾಹಕ್ಕೆ ಕಾನೂನಿನ ಮನ್ನಣೆ ದೊರೆಯಿತು. 1918ರಲ್ಲಿ ಕುಲಕರ್ಣಿ ವತನ ರದ್ದಾಗಿ ಸಂಬಳದ ತಲಾಠಿಗಳು ಬಂದರು. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿ ಎಲ್ಲ ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಕೂಡಿಸಲು ಆಜ್ಞೆಯಾಯಿತು. 1920ರ ಮಾರ್ಚ್‌ನಲ್ಲಿ ಮಾಣಗಾವದ ಪರಿಷತ್ತಿನಲ್ಲಿ ಮಹಾರಾಜರು ತರುಣ ಅಂಬೇಡ್ಕರರನ್ನು ದಲಿತರ ನಾಯಕರೆಂದು ಜನರ ಮುಂದೆ ನಿಲ್ಲಿಸಿದರು. ತಮ್ಮ ಆಶ್ರಯದಲ್ಲಿರುವವರು ತಮ್ಮದೇ ನಾಯಕನನ್ನು ಕಾಣಲಿ ಎಂದು ಒಬ್ಬ ಅರಸ ಬಯಸಿದ್ದು ಸಾಮಾನ್ಯ ಸಂಗತಿಯಲ್ಲ.

ಎಲ್ಲ ಆಜ್ಞೆಗಳೂ ಒಂದೇ ಬಗೆಯಾಗಿ ಫಲಿಸಲಿಲ್ಲ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯ ವಿರುದ್ಧ 1920ರಲ್ಲಿ ಕಾನೂನು ಬಂದರೂ ಗಡಿನಾಡಿನಲ್ಲಿ ಆ ಪದ್ಧತಿ ದಶಕಗಳ ಕಾಲ ಉಳಿಯಿತು. ಕರ್ನಾಟಕ 1982ರಲ್ಲಿ ಮತ್ತೆ ಕಾನೂನು ಮಾಡಬೇಕಾಯಿತು. ಬಡತನವೂ ನಂಬಿಕೆಯೂ ಹೆಣೆದ ಬಲೆಯನ್ನು ಅರಸನ ಸಹಿಯೊಂದು ಕತ್ತರಿಸಲಾರದು. ಆ ಹೆಣ್ಣುಮಕ್ಕಳ ಪರವಾಗಿ ನಿಂತು ಕಾನೂನನ್ನು ಕಾಯಬಲ್ಲ ಸಂಘಟನೆ ಆಗ ಇರಲಿಲ್ಲ.

1922ರ ಮೇ 6ರಂದು ಮುಂಬಯಿಯಲ್ಲಿ ಮಹಾರಾಜರು ನಿಧನರಾದರು. ವಯಸ್ಸು ನಲವತ್ತೆಂಟೂ ಆಗಿರಲಿಲ್ಲ. ಭೋಗಾವತಿ ನದಿಗೆ ಅವರು ಕಟ್ಟಿಸತೊಡಗಿದ ರಾಧಾನಗರಿ ಅಣೆಕಟ್ಟು ಹಣವಿಲ್ಲದೆ ಅರ್ಧಕ್ಕೆ ನಿಂತಿತ್ತು. 1949ರ ಮಾರ್ಚ್ 1ರಂದು ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಣೆಕಟ್ಟು ಪೂರ್ಣಗೊಂಡದ್ದು 1957ರಲ್ಲಿ, ಜನರು ಆರಿಸಿದ ಸರಕಾರದ ಕಾಲದಲ್ಲಿ. ಆ ನೀರು ಪಂಚಗಂಗೆಯಾಗಿ ಹರಿದು ಶಿರೋಳ ತಾಲೂಕಿನ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲೂಕಿನಲ್ಲಿ ತಂದೆಯ ಹೆಸರಿನಿಂದ ಅವರು ನೆಲೆಗೊಳಿಸಿದ ಜಯಸಿಂಗಪುರ ಇಂದು ದೊಡ್ಡ ವ್ಯಾಪಾರದ ಪೇಟೆ. ಕುರುಂದವಾಡದ ಅಣ್ಣಾಸಾಹೇಬ ಲಠ್ಠೆಯವರು 1924ರಲ್ಲಿ ಅವರ ಚರಿತ್ರೆಯನ್ನು ಬರೆದು, ಮುಂದೆ ಕೊಲ್ಹಾಪುರದ ದಿವಾನರೂ 1937ರಲ್ಲಿ ಮುಂಬಯಿಯ ಹಣಕಾಸು ಸಚಿವರೂ ಆದರು.

ಉಳಿದವು ಯಾವುವೆಂದು ನೋಡಿದರೆ, ಫಲ ಪಡೆದವರೇ ಕಾವಲುಗಾರರಾದ ಸುಧಾರಣೆಗಳು ಉಳಿದವು. ಬೋರ್ಡಿಂಗಿನಲ್ಲಿ ಓದಿದವನು ಬೋರ್ಡಿಂಗನ್ನು ಬಿದ್ದುಹೋಗಲು ಬಿಡಲಿಲ್ಲ. ಮೀಸಲಾತಿಯ ತತ್ತ್ವ ಅಂಬೇಡ್ಕರರ ಕಾಲಕ್ಕೆ ಸಂವಿಧಾನದಲ್ಲಿ ನೆಲೆ ಕಂಡಿತು. ಕರ್ನಾಟಕದಲ್ಲಿ 1972ರ ಭಾರಿ ಬಹುಮತದ ಬಲದಿಂದ ದೇವರಾಜ ಅರಸರು 1974ರಲ್ಲಿ ಜಾರಿಗೆ ತಂದ ಭೂಸುಧಾರಣೆಯೂ ಹೀಗೆಯೇ ಬೇರೂರಿತು: ಒಡೆಯನಾದ ಗೇಣಿದಾರನಿಂದ ಆ ಹೊಲವನ್ನು ಹಿಂದಕ್ಕೆ ಪಡೆಯಲು ಮುಂದಿನ ಯಾವ ಸರಕಾರವೂ ಮುಂದಾಗಲಿಲ್ಲ. ಇಪ್ಪತ್ತೆಂಟು ವರ್ಷಗಳ ಆಳ್ವಿಕೆಯಲ್ಲಿ ಶಾಹೂ ಮಹಾರಾಜರು ತಮ್ಮ ಅಧಿಕಾರದ ಒಂದು ಪಾಲನ್ನು ಅದಿಲ್ಲದವರಿಗೆ ಹಂಚಿದರು. ಅವರ ನಂತರ ಬಾಳಿದ್ದು ಆ ಹಂಚಿದ ಪಾಲು.