ತಲೆಯ ಗಾಯ ಮತ್ತು ಹಕೀಮ್ ಅಬುಲ್ ಕಾಸಿಂ ಝಹ್ರಾವಿ

ಇಬ್ನ್ ಸೀನಾ ಮತ್ತು ಅಲ್ ರಾಝಿ ಅವರ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಯುನಾನಿ ದವಾಖಾನೆಗಳ ಗೋಡೆಯ ಮೇಲೆ ಅವರ ಚಿತ್ರಗಳನ್ನು ನೋಡಿಯೂ ಇರಬಹುದು. ಆದರೆ ಅಬುಲ್ ಕಾಸಿಂ ಖಲಫ್ ಇಬ್ನ್ ಅಬ್ಬಾಸ್ ಅಲ್ ಝಹ್ರಾವಿ ಎಂದರೆ ನಮ್ಮ ಹೈಸ್ಕೂಲಿನ ಮಕ್ಕಳಿರಲಿ, ಶಿಕ್ಷಕರಲ್ಲೂ ಹಲವರು ಒಂದು ಕ್ಷಣ ಯೋಚಿಸುತ್ತಾರೆ. ಯುರೋಪಿನವರು ಇವರನ್ನು ಅಲ್ಬುಕಾಸಿಸ್ ಎಂದು ಕರೆದರು. ಶಸ್ತ್ರಚಿಕಿತ್ಸೆ ಕಲಿಯಲು ಶತಮಾನಗಳ ಕಾಲ ಇವರ ಗ್ರಂಥವನ್ನೇ ನೆಚ್ಚಿಕೊಂಡರು. ಇವರ ಬಗ್ಗೆ ಹೇಳಬೇಕಾದದ್ದು ಬಹಳಷ್ಟಿದೆ. ನಾನಿಲ್ಲಿ ಮುಖ್ಯವಾಗಿ ಒಂದೇ ವಿಷಯವನ್ನು ಎತ್ತಿಕೊಂಡಿದ್ದೇನೆ. ಎಕ್ಸ್‌ರೇ ಇಲ್ಲದ, ಇಂದಿನಂಥ ಅರಿವಳಿಕೆ ಇಲ್ಲದ, ರಕ್ತ ಕೊಡುವ ವ್ಯವಸ್ಥೆಯೂ ಇಲ್ಲದ ಕಾಲದಲ್ಲಿ ತಲೆಗೆ ಪೆಟ್ಟು ಬಿದ್ದವನನ್ನು ಉಳಿಸಲು ಈ ಮಹನೀಯರು ಏನು ಮಾಡುತ್ತಿದ್ದರು?

ಮೊದಲು ಅವರ ಊರಿನ ಬಗ್ಗೆ ಎರಡು ಮಾತು. ಇಂದಿನ ಸ್ಪೇನ್ ದೇಶದ ದಕ್ಷಿಣ ಭಾಗವು ಆಗ ಅಂದಲೂಸ್ ಎನಿಸಿಕೊಂಡಿತ್ತು. ಅದರ ರಾಜಧಾನಿ ಕುರ್ತುಬಾ, ಅಂದರೆ ಕಾರ್ಡೋಬಾ. ಖಲೀಫ ಮೂರನೇ ಅಬ್ದುರ್ರಹ್ಮಾನ್ ಕ್ರಿ.ಶ. 936ರಲ್ಲಿ ಆ ನಗರದ ಸಮೀಪ ಬೆಟ್ಟದ ಬುಡದಲ್ಲಿ ಮದೀನತುಝ್ಝಹ್ರಾ ಎಂಬ ಹೊಸ ಅರಮನೆ ನಗರವನ್ನು ಕಟ್ಟಿಸತೊಡಗಿದರು. ನಮ್ಮ ಹಕೀಮರ ಹೆಸರಿನಲ್ಲಿರುವ ಝಹ್ರಾವಿ ಎಂಬುದು ಈ ಊರಿನಿಂದಲೇ ಬಂದದ್ದು. ಅವರು ಹುಟ್ಟಿದ್ದೂ ಹೆಚ್ಚುಕಡಿಮೆ ಅದೇ ವರ್ಷ ಎಂದು ಇತಿಹಾಸಕಾರರು ಎಣಿಸುತ್ತಾರೆ. ಅಬ್ದುರ್ರಹ್ಮಾನರ ಮಗ ಎರಡನೇ ಅಲ್ ಹಕಮ್ ಪುಸ್ತಕಪ್ರೇಮಿ ಖಲೀಫ. ಅವರ ಆಳ್ವಿಕೆ 961ರಿಂದ 976ರವರೆಗೆ. ಗ್ರೀಕ್ ವೈದ್ಯರ ಗ್ರಂಥಗಳು ಅರಬಿಯಲ್ಲಿ ಕೈಗೆ ಸಿಗುತ್ತಿದ್ದ ಇಂಥ ವಾತಾವರಣದಲ್ಲಿ ಝಹ್ರಾವಿಯವರು ಓದಿ, ರೋಗಿಗಳನ್ನು ನೋಡಿ, ಶಿಷ್ಯರಿಗೆ ಪಾಠ ಹೇಳಿ ಬಾಳಿದರು.

ಅವರ ಜೀವನದ ಸಂಪಾದನೆಯೆಲ್ಲ ಒಂದೇ ಗ್ರಂಥದಲ್ಲಿ ಸೇರಿದೆ. ಅದು ಕಿತಾಬ್ ಅತ್ತಸ್ರೀಫ್. ಸುಮಾರು ಕ್ರಿ.ಶ. 1000ದ ಹೊತ್ತಿಗೆ ಮುಗಿದ ಈ ವೈದ್ಯಕೋಶದಲ್ಲಿ 30 ಭಾಗಗಳಿವೆ. ಔಷಧ, ಆಹಾರ, ಹೆರಿಗೆ, ಹಲ್ಲಿನ ಆರೈಕೆ ಎಲ್ಲವೂ ಬರುತ್ತವೆ. ಕೊನೆಯ ಭಾಗ ಮಾತ್ರ ಪೂರ್ತಿಯಾಗಿ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಮೂರು ಅಧ್ಯಾಯಗಳು: ಕಾಯಿಸಿದ ಸಲಾಕೆಯಿಂದ ಸುಡುವುದು, ಕೊಯ್ದು ಹೊಲಿಯುವುದು, ಮುರಿದ ಮತ್ತು ಉಳುಕಿದ ಮೂಳೆಗಳನ್ನು ಕೂಡಿಸುವುದು. ಜೊತೆಗೆ ಸುಮಾರು 200 ಉಪಕರಣಗಳ ಚಿತ್ರಗಳು. ವೈದ್ಯಗ್ರಂಥದಲ್ಲಿ ಇಷ್ಟೊಂದು ಉಪಕರಣಗಳ ಚಿತ್ರ ಬರೆದು ತೋರಿಸಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಪಾಠ ಹೇಳುವ ನಮ್ಮಂಥವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಚಿತ್ರವಿಲ್ಲದೆ ಉಪಕರಣದ ಪಾಠ ಮಾಡಿ ನೋಡಿ!

ಓದುಗರೇ, ಈ ಗ್ರಂಥದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಧೈರ್ಯಕ್ಕಿಂತ ಅವರ ಎಚ್ಚರ. ತಮ್ಮ ನಾಡಿನಲ್ಲಿ ಶಸ್ತ್ರವಿದ್ಯೆ ಬಹುತೇಕ ಅಳಿದುಹೋಗಿದೆ, ಶರೀರರಚನೆ ತಿಳಿಯದವರು ಚಾಕು ಹಿಡಿದು ಜನರನ್ನು ಕೊಲ್ಲುತ್ತಿದ್ದಾರೆ ಎಂಬ ಕೊರಗಿನಿಂದಲೇ ಅವರು ಆ ಭಾಗವನ್ನು ಆರಂಭಿಸುತ್ತಾರೆ. ಒಬ್ಬ ಅಜ್ಞಾನಿ ವೈದ್ಯ ಹೆಂಗಸೊಬ್ಬಳ ಕತ್ತಿನ ಗಡ್ಡೆಯನ್ನು ಕೊಯ್ಯಲು ಹೋಗಿ ರಕ್ತನಾಳಗಳನ್ನೇ ಕತ್ತರಿಸಿಬಿಟ್ಟ, ಆಕೆ ಅವನ ಕಣ್ಣೆದುರೇ ಪ್ರಾಣ ಬಿಟ್ಟಳು ಎಂಬ ಘಟನೆಯನ್ನು ದಾಖಲಿಸುತ್ತಾರೆ. ಶಿಷ್ಯರನ್ನು ಮಕ್ಕಳೇ ಎಂದು ಕರೆದು, ತಿಳಿಯದ ಕಡೆ ಕೈ ಹಾಕಬೇಡಿ ಎಂದು ಮತ್ತೆ ಮತ್ತೆ ಎಚ್ಚರಿಸುತ್ತಾರೆ.

ಹಾಗೆಂದು ಕೈಕಟ್ಟಿ ಕೂರುವವರೂ ಅಲ್ಲ. ಗುಲಾಮಳಾಗಿದ್ದ ಹುಡುಗಿಯೊಬ್ಬಳು ಚೂರಿಯಿಂದ ತನ್ನ ಗಂಟಲನ್ನೇ ಕೊಯ್ದುಕೊಂಡಾಗ ಇವರನ್ನು ಕರೆಸಲಾಯಿತು. ಗಾಯದಿಂದ ಉಸಿರು ಹೊರಬರುತ್ತಿತ್ತು. ದೊಡ್ಡ ರಕ್ತನಾಳಗಳು ಕತ್ತರಿಸಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಅವರು ಗಾಯವನ್ನು ಹೊಲಿದು ಆರೈಕೆ ಮಾಡಿದರು. ಹುಡುಗಿ ಬದುಕಿದಳು. ಧ್ವನಿ ಒಡೆದದ್ದು ಬಿಟ್ಟರೆ ಬೇರೇನೂ ತೊಂದರೆಯಾಗಲಿಲ್ಲ. ಶ್ವಾಸನಾಳಕ್ಕೆ ಬಿದ್ದ ಗಾಯ ಮಾಯುತ್ತದೆ ಎಂಬ ಪಾಠವನ್ನು ಅವರು ಆ ಒಂದು ಪ್ರಕರಣದಿಂದ ಕಲಿತು ಬರೆದಿಟ್ಟರು.

ಈಗ ತಲೆಯ ವಿಷಯಕ್ಕೆ ಬರೋಣ. ತಲೆಬುರುಡೆಯ ಮುರಿತಗಳನ್ನು ಅವರು ಬಗೆಬಗೆಯಾಗಿ ವಿಂಗಡಿಸುತ್ತಾರೆ. ಕತ್ತಿಯೇಟಿಗೆ ಸೀಳಿದ್ದು ಒಂದು ಬಗೆ, ಕಲ್ಲೇಟಿಗೆ ಅಥವಾ ಬಿದ್ದು ಜಜ್ಜಿಹೋದದ್ದು ಇನ್ನೊಂದು ಬಗೆ. ಚಿಕ್ಕ ಮಕ್ಕಳ ಮೆದು ಮೂಳೆ ಒಡೆಯದೆ, ತಾಮ್ರದ ಪಾತ್ರೆ ತಗ್ಗಿದಂತೆ ತಗ್ಗುವುದೂ ಉಂಟು. ಕೂದಲೆಳೆಯಷ್ಟು ತೆಳುವಾದ ಬಿರುಕು ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ಪತ್ತೆ ಮಾಡಲು ಮೂಳೆಯನ್ನು ಬಿಡಿಸಿ, ಒರೆಸಿ, ಬರೆಯುವ ಶಾಯಿಯನ್ನು ಸವರುವಂತೆ ಅವರು ಹೇಳುತ್ತಾರೆ. ಬಿರುಕು ಶಾಯಿಯನ್ನು ಹೀರಿ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಒಂದು ದವಾತಿನ ಶಾಯಿಯಲ್ಲಿ ಎಕ್ಸ್‌ರೇ ಕೆಲಸ!

ಶಸ್ತ್ರಕ್ರಿಯೆಗೆ ಇಳಿದರೆ ಮೊದಲು ತಲೆ ಬೋಳಿಸಬೇಕು. ಚರ್ಮವನ್ನು ಅಡ್ಡ ಉದ್ದ ಕೊಯ್ದು ಮೂಳೆಯನ್ನು ಬಿಡಿಸಿಕೊಳ್ಳಬೇಕು. ರಕ್ತ ಹರಿದರೆ ಬಟ್ಟೆ ತುರುಕಿ ಒತ್ತಿ ಕಟ್ಟಿ, ನಿಂತ ಮೇಲೆ ಮುಂದುವರಿಯಬೇಕು. ಚೂರಾದ ಮೂಳೆ ಸುಲಭವಾಗಿ ಬಾರದಿದ್ದರೆ ಅದರ ಸುತ್ತ ಬೈರಿಗೆಯಿಂದ ಸಾಲಾಗಿ ತೂತು ಕೊರೆದು, ತೂತುಗಳ ನಡುವಿನ ಭಾಗವನ್ನು ಉಳಿಯಿಂದ ಬಿಡಿಸಿ ಎತ್ತಬೇಕು. ಬುರುಡೆಯ ಮೂಳೆಗಳು ಕೂಡುವ ಗೆರೆಗಳಿಂದ ಬೈರಿಗೆಯನ್ನು ದೂರವಿಡಬೇಕು. ನಮ್ಮ ಬಡಗಿಗಳು ಬಾಗಿಲ ಚೌಕಟ್ಟಿನಲ್ಲಿ ತೂತು ಕೊರೆಯುವುದನ್ನು ನೀವು ನೋಡಿದ್ದೀರಲ್ಲವೇ? ಮರ ಮುಗಿಯುವ ಕ್ಷಣದಲ್ಲಿ ಬೈರಿಗೆ ಒಮ್ಮೆಗೇ ಆಚೆಗೆ ನುಗ್ಗುತ್ತದೆ. ಮರದಲ್ಲಾದರೆ ಚಿಂತೆಯಿಲ್ಲ. ತಲೆಯಲ್ಲಿ ಮೂಳೆಯ ಒಳಗಿರುವುದು ಮಿದುಳಿನ ಪೊರೆ. ಆದ್ದರಿಂದ ಝಹ್ರಾವಿಯವರ ಬೈರಿಗೆಯ ಮೊನೆಗಿಂತ ಸ್ವಲ್ಪ ಮೇಲೆ ಬಳೆಯಂಥ ಒಂದು ಅಂಚು ಇರುತ್ತಿತ್ತು. ಮೊನೆ ಮೂಳೆಯ ದಪ್ಪದಷ್ಟು ಇಳಿದ ಕೂಡಲೇ ಆ ಅಂಚು ಮೂಳೆಗೆ ತಾಗಿ ಬೈರಿಗೆ ನಿಂತುಬಿಡುತ್ತಿತ್ತು. ಎಲ್ಲರ ಬುರುಡೆಯೂ ಒಂದೇ ದಪ್ಪ ಇರುವುದಿಲ್ಲವಾದ್ದರಿಂದ ಬೇರೆ ಬೇರೆ ಅಳತೆಯ ಹಲವು ಬೈರಿಗೆಗಳನ್ನು ಸಿದ್ಧವಾಗಿಟ್ಟುಕೊಳ್ಳಿ ಎಂದೂ ಅವರು ಸೂಚಿಸುತ್ತಾರೆ. ಇಂದಿನ ಆಸ್ಪತ್ರೆಗಳಲ್ಲಿ ಬಳಸುವ ಯಂತ್ರದ ಬೈರಿಗೆಗಳಲ್ಲಿ ಮೂಳೆ ದಾಟಿದೊಡನೆ ತಾನಾಗಿ ನಿಲ್ಲುವ ಏರ್ಪಾಡು ಇದೆ. ಎರಡರ ಉದ್ದೇಶವೂ ಒಂದೇ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಇಂಥ ಬೈರಿಗೆ ಗ್ರೀಕರಿಗೂ ಗೊತ್ತಿತ್ತು. ತಲೆಯ ಅಧ್ಯಾಯದಲ್ಲಿ ಬಹಳಷ್ಟು ಸಂಗತಿಗಳು ಏಳನೇ ಶತಮಾನದ ಗ್ರೀಕ್ ವೈದ್ಯ ಪಾಲ್‌ನ ಗ್ರಂಥದಿಂದ ಬಂದಿವೆ. ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರು ಎಂದು ಬರೆದುಬಿಡುವ ಚಾಳಿ ನಮ್ಮ ಕೆಲವು ಲೇಖಕರಲ್ಲಿದೆ. ಅದರಿಂದ ಝಹ್ರಾವಿಯವರಿಗೇನೂ ಗೌರವ ಹೆಚ್ಚುವುದಿಲ್ಲ. ಹಳೆಯವರಿಂದ ಕಲಿತರು, ಕಲಿತದ್ದನ್ನು ತಮ್ಮ ರೋಗಿಗಳ ಅನುಭವದೊಂದಿಗೆ ಹೊಂದಿಸಿ ನೋಡಿದರು, ಉಪಕರಣಗಳ ಚಿತ್ರ ಬರೆದು ಮುಂದಿನವರ ಕೈಗೆ ಕೊಟ್ಟರು. ಇಷ್ಟು ಸಾಲದೇ?

ಶಸ್ತ್ರಕ್ರಿಯೆಯ ನಂತರದ ಆರೈಕೆಗೂ ಅವರು ಅಷ್ಟೇ ಗಮನ ಕೊಡುತ್ತಾರೆ. ಗುಲಾಬಿ ಎಣ್ಣೆಯಲ್ಲಿ ಅದ್ದಿದ ಮೃದುವಾದ ಬಟ್ಟೆಯನ್ನು ಪೊರೆಯ ಮೇಲೆ ಹಗುರವಾಗಿ ಇಡಬೇಕು, ಭಾರ ಬೀಳುವಂತೆ ಬಿಗಿದು ಕಟ್ಟಬಾರದು, ಪೊರೆ ಊದಿಕೊಳ್ಳುತ್ತಿದೆಯೇ, ಬಣ್ಣ ಕೆಡುತ್ತಿದೆಯೇ ಎಂದು ನೋಡುತ್ತಿರಬೇಕು. ಮೂಳೆ ತೆಗೆಯುವ ಕೆಲಸವನ್ನು ಚಳಿಗಾಲದಲ್ಲಿ ಹದಿನಾಲ್ಕನೇ ದಿನದೊಳಗೆ, ಬೇಸಿಗೆಯಲ್ಲಿ ಏಳನೇ ದಿನದೊಳಗೆ ಮುಗಿಸಬೇಕೆಂಬ ನಿಯಮವೂ ಇದೆ. ಸೆಕೆಯಲ್ಲಿ ಗಾಯ ಬೇಗ ಕೊಳೆಯುತ್ತದೆ ಎಂಬುದು ರೋಗಾಣುಗಳ ಹೆಸರೇ ಇಲ್ಲದ ಕಾಲದಲ್ಲಿಯೂ ಕಣ್ಣಿಗೆ ಕಂಡ ಸತ್ಯ.

ಆದರೆ ಯಾರಿಗೆ ಶಸ್ತ್ರಕ್ರಿಯೆ ಮಾಡಬಾರದು? ಪೆಟ್ಟು ಬಿದ್ದವನಿಗೆ ವಾಂತಿಯಾಗುತ್ತಿದ್ದರೆ, ಸೆಳೆತ ಬಂದರೆ, ಪ್ರಜ್ಞೆ ತಪ್ಪುತ್ತಿದ್ದರೆ, ಮಾತು ನಿಂತರೆ, ಜ್ವರ ಏರಿದರೆ, ಕಣ್ಣು ಕೆಂಪಾಗಿ ಮುಂದಕ್ಕೆ ಬಂದರೆ ಹತ್ತಿರ ಹೋಗಬೇಡಿ, ಅಂಥವನು ಹೆಚ್ಚಾಗಿ ಉಳಿಯುವುದಿಲ್ಲ ಎಂದು ಅವರು ಬರೆದರು. ಓದುಗರೇ, ದಯವಿಟ್ಟು ಇಲ್ಲಿ ಒಂದು ಗಳಿಗೆ ನಿಲ್ಲಿ. ಅವರು ಕೈಬಿಟ್ಟ ಈ ಲಕ್ಷಣಗಳನ್ನೇ ಇಂದಿನ ವೈದ್ಯರು ತುರ್ತಿನ ಲಕ್ಷಣಗಳೆಂದು ಹೇಳುತ್ತಾರೆ. ಬುರುಡೆಯ ಒಳಗೆ ರಕ್ತ ಹೆಪ್ಪುಗಟ್ಟಿ ಮಿದುಳನ್ನು ಒತ್ತುತ್ತಿರಬಹುದು. ಕೆಲವರು ಬಿದ್ದ ಮೇಲೆ ಎದ್ದು ಕುಳಿತು ಚೆನ್ನಾಗಿಯೇ ಮಾತನಾಡುತ್ತಾರೆ. ಕೆಲವು ಗಂಟೆಗಳ ನಂತರ ಮಂಕಾಗುತ್ತಾರೆ. ಆ ಕೆಲವು ಗಂಟೆಗಳೊಳಗೆ ಸ್ಕ್ಯಾನ್ ಮಾಡಿ ರಕ್ತವನ್ನು ಹೊರತೆಗೆದರೆ ಹಲವರು ಉಳಿಯುತ್ತಾರೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಆರನೇ ತರಗತಿಯ ಹುಡುಗನೊಬ್ಬ ಕಾಂಪೌಂಡ್ ಗೋಡೆಯಿಂದ ಬಿದ್ದ. ರಕ್ತ ಬರಲಿಲ್ಲ. ನೀರು ಕುಡಿಸಿ, ಬೆಂಚಿನ ಮೇಲೆ ಮಲಗಿಸಿದೆ. ಎರಡು ಸಲ ವಾಂತಿ ಮಾಡಿದ. ಬಿಸಿಲಿಗೆ ಇರಬಹುದು ಎಂದುಕೊಂಡೆ. ನಿದ್ದೆ ಹತ್ತಿದೆಯಲ್ಲ, ಮಲಗಲಿ ಎಂದು ಪಾಠ ಮುಂದುವರಿಸಿದೆ. ಅವನ ಅಮ್ಮ ಬಂದು ಎಬ್ಬಿಸಿದಾಗ ಅವನು ಏಳಲಿಲ್ಲ. ಜಿಲ್ಲಾಸ್ಪತ್ರೆ, ಅಲ್ಲಿಂದ ಬೆಂಗಳೂರು. ಅಲ್ಲಾಹನ ಕೃಪೆಯಿಂದ ಹುಡುಗ ಬದುಕಿದ. ಆದರೆ ಶಾಲೆಗೆ ಮರಳಿದಾಗ ತನ್ನ ಹೆಸರನ್ನು ಉರ್ದುವಿನಲ್ಲಿ ಬರೆಯಲು ಅವನಿಗೆ ಬರುತ್ತಿರಲಿಲ್ಲ. ಅಲಿಫ್, ಬೇ ಇಂದ ಮತ್ತೆ ಶುರುಮಾಡಿದೆವು. ಸಣ್ಣ ಗದ್ದಲಕ್ಕೂ ಸಿಡುಕುತ್ತಿದ್ದ, ಬೇಗ ದಣಿಯುತ್ತಿದ್ದ. ಸುಮಾರು ಒಂದು ವರ್ಷ ಹಿಡಿಯಿತು. ಅವನ ಅಮ್ಮ ನನ್ನನ್ನು ಒಂದು ಮಾತೂ ಆಡಲಿಲ್ಲ. ಬಿ.ಎಡ್. ತರಬೇತಿಯಲ್ಲಿ ಪಾಠಯೋಜನೆ ಬರೆಯುವುದನ್ನು ಕಲಿತಿದ್ದೆ, ವಾಂತಿಯ ಅರ್ಥವನ್ನು ಕಲಿತಿರಲಿಲ್ಲ.

ಮತ್ತೆ ನಮ್ಮ ಹಕೀಮರ ಕಡೆಗೆ. ಹುಟ್ಟಿದ ಶಿಶುಗಳ ತಲೆಯಲ್ಲಿ ನೀರು ತುಂಬಿ ತಲೆ ದಿನದಿನಕ್ಕೆ ದೊಡ್ಡದಾಗುವ ಕಾಯಿಲೆಯನ್ನೂ ಅವರು ಕಂಡಿದ್ದರು. ಆ ನೀರನ್ನು ಹೊರತೆಗೆಯುವ ಕ್ರಮವನ್ನು ವಿವರಿಸಿದ ಅವರೇ, ತಾವು ಕಂಡ ಶಿಶುಗಳು ಬದುಕಲಿಲ್ಲ, ಆದ್ದರಿಂದ ಅದನ್ನು ಮಾಡದಿರುವುದೇ ಒಳ್ಳೆಯದೆಂದುಕೊಂಡೆ ಎಂದು ಮುಚ್ಚುಮರೆಯಿಲ್ಲದೆ ಬರೆದರು. ತನ್ನ ಕೈಯಲ್ಲಿ ಆಗದ್ದನ್ನು ಆಗದು ಎಂದು ಬರೆದಿಡುವ ವೈದ್ಯರು ಆಗಲೂ ವಿರಳ, ಈಗಲೂ ವಿರಳ.

ಅವರ ಕೊನೆಗಾಲ ಗಲಭೆಯದು. 1009ರಲ್ಲಿ ಅಂತರ್ಯುದ್ಧ ಆರಂಭವಾಗಿ, ಮರುವರ್ಷವೇ ಮದೀನತುಝ್ಝಹ್ರಾ ಸೂರೆಹೋಯಿತು. ಝಹ್ರಾವಿಯವರು ನಿಧನರಾದದ್ದು ಸುಮಾರು 1013ರಲ್ಲಿ ಎನ್ನುತ್ತಾರೆ. ನಗರ ಮಣ್ಣುಪಾಲಾಯಿತು. 1911ರಲ್ಲಿ ಉತ್ಖನನ ಶುರುವಾಗುವವರೆಗೂ ಅದರ ಬಹುಭಾಗ ನೆಲದಡಿಯೇ ಇತ್ತು. 2018ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಗ್ರಂಥಕ್ಕೆ ಮಾತ್ರ ಆ ಗತಿ ಬರಲಿಲ್ಲ. ಹನ್ನೆರಡನೇ ಶತಮಾನದಲ್ಲಿ ಟೊಲೆಡೊ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಎಂಬ ವಿದ್ವಾಂಸ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್ ಭಾಷೆಗೆ ತಂದ. 1363ರಲ್ಲಿ ತನ್ನ ಶಸ್ತ್ರವೈದ್ಯ ಗ್ರಂಥವನ್ನು ಮುಗಿಸಿದ ಫ್ರಾನ್ಸಿನ ಗೀ ದ ಶೋಲಿಯಾಕ್ ಅದರಲ್ಲಿ ಇವರ ಹೆಸರನ್ನು ಮತ್ತೆ ಮತ್ತೆ ಸ್ಮರಿಸುತ್ತಾನೆ. 1465ರಲ್ಲಿ ತುರ್ಕಿಯ ಅಮಾಸ್ಯಾ ನಗರದ ವೈದ್ಯ ಶರಫುದ್ದೀನ್ ಸಾಬುಂಜುಓಗ್ಲು ಇವರ ಗ್ರಂಥವನ್ನು ಆಧಾರವಾಗಿಟ್ಟುಕೊಂಡು ತುರ್ಕಿ ಭಾಷೆಯಲ್ಲಿ ಬಣ್ಣದ ಚಿತ್ರಗಳ ಪುಸ್ತಕ ರಚಿಸಿದ. 1973ರಲ್ಲಿ ಲಂಡನ್ನಿನಲ್ಲಿ ಅರಬಿ ಮೂಲದೊಂದಿಗೆ ಇಂಗ್ಲಿಷ್ ಅನುವಾದ ಅಚ್ಚಾಯಿತು. ಹಸ್ತಪ್ರತಿಯಿಂದ ಹಸ್ತಪ್ರತಿಗೆ ನಕಲು ಮಾಡಿದವರ ಕೈಯಲ್ಲಿ ಉಪಕರಣಗಳ ಚಿತ್ರಗಳು ಸ್ವಲ್ಪ ಸ್ವಲ್ಪ ಬದಲಾಗುತ್ತಾ ಬಂದಿವೆ. ಕೆಲವು ಗುರುತೇ ಸಿಗದಷ್ಟು ಅಲಂಕಾರವಾಗಿಬಿಟ್ಟಿವೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಯಾವುದಾದರೂ ಗ್ರಂಥಾಲಯದಲ್ಲಿ ಆ ಪುಸ್ತಕ ಕೈಗೆ ಸಿಕ್ಕರೆ, ಬೈರಿಗೆಗಳಿರುವ ಪುಟವನ್ನು ಹುಡುಕಿ, ಮೊನೆಯ ಮೇಲಿನ ಆ ಬಳೆ ಎಲ್ಲಿದೆ ಎಂದು ನೋಡಿ.